ಅಮ್ಮನದು ಯಾವ ಕೌದಿ?

ಅಜ್ಜಿಯ ಬಲಗೈ ಹೆಬ್ಬೆರಳು ಮಡಚಲಾಗದಷ್ಟು ಊದಿಕೊಂಡಾಗ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇನ್ನು ಮೇಲೆ ಸೂಜಿ ಮುಟ್ಟಬಾರದು ಎಂದು ಹೇಳಿ ಕಳಿಸಿದರು. ಅಜ್ಜಿ ಮಾತ್ರೆಯನ್ನೇನೋ ನುಂಗಿದಳು, ಆ ಮಾತು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು.

ಮದುವೆಯಾಗಿ ಬಂದಂದಿನಿಂದ ಅವಳು ಕೌದಿ ಹೊಲಿದವಳು. ಹಳೆಯ ಅಂಗಿ, ಲಂಗ, ಪರದೆ, ದಿಂಬಿನ ಚೀಲ ಎಂದು ಬೀದಿಯವರು ತಂದುಕೊಟ್ಟದ್ದನ್ನೆಲ್ಲ ಒಗೆದು, ಹೊಲಿಗೆ ಬಿಚ್ಚಿ, ತುಂಡು ತುಂಡು ಜೋಡಿಸಿ, ಪದರದ ಮೇಲೆ ಪದರ ಇಟ್ಟು ಕೈಹೊಲಿಗೆ ಹಾಕುತ್ತಿದ್ದಳು. ಈಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತರೆ ಮನೆಯವರೆಲ್ಲರ ಮೇಲೆ ಅವಳ ಕಣ್ಣು. ಸಾರಿಗೆ ಉಪ್ಪು ಹೆಚ್ಚಾಯಿತು, ನಲ್ಲಿ ಸರಿಯಾಗಿ ತಿರುಗಿಸಿಲ್ಲ, ಪೊರಕೆ ಬಾಗಿಲಿಗೆ ಅಡ್ಡ ಬಿದ್ದಿದೆ.

"ಕೈಗೆ ರಜೆ ಸಿಕ್ತು, ಬಾಯಿಗೆ ಡಬಲ್ ಡ್ಯೂಟಿ ಬಿತ್ತು," ಎಂದ ಮಗ. ಅವನು ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಾಗಲೇ ಅವನಿಗೆ ತಾಯಿಯ ದೂರು, ಹೆಂಡತಿಯ ದೂರು ಎರಡೂ ಒಟ್ಟಿಗೆ ಬಡಿಸಲ್ಪಡುತ್ತಿದ್ದವು.

ಅವನ ಮಗಳು ಹತ್ತನೆಯ ತರಗತಿ ಪರೀಕ್ಷೆ ಬರೆದು ರಜೆಯಲ್ಲಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಅಜ್ಜಿಯ ಪೇಚಾಟ ನೋಡಲಾರದೆ ಅವಳು ಒಂದು ದಿನ ಉದ್ದನೆಯ ದಪ್ಪ ಪುಸ್ತಕ ತಂದು ಮುಂದೆ ಕೂತಳು.

"ನೀನು ಹೊಲಿದಿರೋ ಕೌದಿ ಎಲ್ಲಾ ಹೇಳ್ತಾ ಹೋಗು ಅಜ್ಜಿ. ಯಾವ ಬಟ್ಟೆ, ಯಾರಿಗೆ ಕೊಟ್ಟೆ, ಈಗ ಎಲ್ಲಿದೆ. ನಾನು ಬರೀತೀನಿ."

"ಬರೆದು ಏನ್ಮಾಡ್ತೀಯೇ?"

"ಏನೂ ಮಾಡಲ್ಲ. ಇರುತ್ತೆ."

ಆ ಮಾತು ಅಜ್ಜಿಗೆ ಹಿಡಿಸಿತು. ಆದರೆ ಕೂತಲ್ಲೇ ಹೇಳಿ ಬರೆಸಲು ಅವಳು ಒಪ್ಪಲಿಲ್ಲ. "ಕಣ್ಣಾರೆ ನೋಡದೆ ಬರೆಸಿದ್ರೆ ಸುಳ್ಳು ಸೇರ್ಕೊಳ್ಳುತ್ತೆ. ನಡಿ, ಮನೆಮನೆಗೆ ಹೋಗಿ ನೋಡ್ಕೊಂಡೇ ಬರೋಣ," ಎಂದು ಚಪ್ಪಲಿ ಹುಡುಕತೊಡಗಿದಳು.

ಹೀಗೆ ಶುರುವಾಯಿತು. ಬೆಳಿಗ್ಗೆ ಬಿಸಿಲೇರುವ ಮೊದಲು ಅಜ್ಜಿ ಮೊಮ್ಮಗಳು ಇಬ್ಬರೂ ಹೊರಡುವರು. ಬೀದಿಯ ಕ್ಷೌರಿಕನ ಮನೆಯಲ್ಲಿ ಕೌದಿ ಎರಡು ಹೋಳಾಗಿತ್ತು. ಅವನ ಗಂಡುಮಕ್ಕಳು ಪಾಲಾದಾಗ ಮಂಚ ಒಬ್ಬನಿಗೆ, ಕನ್ನಡಿ ಒಬ್ಬನಿಗೆ ಹೋಗಿ, ಕೌದಿ ಇಬ್ಬರಿಗೂ ಬೇಕೆಂದು ನಡುವೆ ಕತ್ತರಿಸಿಕೊಂಡಿದ್ದರು. ಕತ್ತರಿಸಿದ ಅಂಚಿನಿಂದ ಎಳೆ ಬಿಟ್ಟುಕೊಂಡು ಎರಡೂ ಹೋಳು ಸವೆಯುತ್ತಿದ್ದವು. ಅಜ್ಜಿ ಎರಡರ ಅಂಚನ್ನೂ ಸವರಿ, "ಜಗಳ ಆಡೋಷ್ಟು ಆಸೆ ಇತ್ತಲ್ಲ, ಅಷ್ಟು ಸಾಕು ಬಿಡು. ಎರಡು ಅಂತ ಬರೀಬೇಡ, ಒಂದೇ ಅಂತ ಬರಿ," ಎಂದಳು.

ಅಂಚೆಯವನ ಹೆಂಡತಿ ಗಂಡ ತೀರಿಹೋದ ಮೇಲೆ ಅವನ ಕೌದಿಯನ್ನು ಒಗೆದೇ ಇರಲಿಲ್ಲ. ಬಿಚ್ಚಿ ತೋರಿಸಿ ತಕ್ಷಣ ಮಡಿಸಿಟ್ಟಳು, ಗಾಳಿಗೆ ಏನಾದರೂ ಹಾರಿಹೋದೀತು ಎಂಬಂತೆ. ಮನೆ ಮಾಲೀಕರ ಕೌದಿ ಮೆಟ್ಟಿಲ ಕೆಳಗೆ ನಾಯಿಯ ಹಾಸಿಗೆಯಾಗಿತ್ತು. ಮಾಲೀಕರ ಹೆಂಡತಿ ನಾಚಿಕೊಂಡು ಏನೇನೋ ಸಬೂಬು ಹೇಳಿದಳು. ಗುಬ್ಬಿಗೆ ಸಿಟ್ಟು ಬಂದು ಪುಸ್ತಕ ಮುಚ್ಚಿದಳು.

"ಯಾಕೆ ಮುಚ್ತೀಯ?" ಎಂದಳು ಅಜ್ಜಿ. "ನಾಯಿಗೇನು ಚಳಿ ಆಗಲ್ವಾ? ಬರಿ. ಬಣ್ಣ ಹೋಗಿದೆ, ಹೊಲಿಗೆ ಬಿಟ್ಟಿಲ್ಲ ಅಂತ ಬರಿ."

ಹೊರಗೆ ಹೀಗೆ ಸುತ್ತಾಟ ನಡೆದಾಗ ಮನೆಯೊಳಗಿನ ಕೆಲಸವೆಲ್ಲ ಸೊಸೆಯ ತಲೆಗೆ ಬಿತ್ತು. ಅವಳು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಬಿಳಿ ಹಾಸು, ಹಸಿರು ಹೊದಿಕೆ, ಮತ್ತೆ ಬಿಳಿ ಹಾಸು. ಯಾರು ಮಲಗಿದ್ದರೋ, ಎದ್ದು ಹೋದರೋ ಇಲ್ಲವೋ, ಅವಳಿಗೆ ಗೊತ್ತಾಗುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ತೊಳೆಯದ ಪಾತ್ರೆ, ಹೆಚ್ಚದ ತರಕಾರಿ, ಹಗ್ಗದ ಮೇಲೇ ಒಣಗಿ ಬಿರುಸಾದ ಬಟ್ಟೆ.

"ಗುಬ್ಬಿ, ಆಲೂಗಡ್ಡೆ ಬೇಯಿಸಿಡು ಅಂದಿದ್ದೆ."

"ಮರ್ತೋಯ್ತಮ್ಮ. ಇವತ್ತು ದೂರ ಹೋಗಿದ್ವಿ. ಬೇಕರಿಯವರ ಮನೆ ಕೌದಿ ನೋಡ್ಬೇಕಿತ್ತು ನೀನು, ಅದ್ರಲ್ಲಿ..."

"ನಾನು ನೋಡಬೇಕಾಗಿರೋದು ಒಲೆ. ಬಾ, ಸಿಪ್ಪೆ ತೆಗಿ."

ಅಜ್ಜಿ ಒಳಗಿನಿಂದಲೇ ಹೇಳಿದಳು. "ಮಗೂನ ಯಾಕೆ ಗದರ್ತೀಯ? ನನ್ನ ಜೊತೆ ಬಂದಿದ್ಲು."

"ನಿಮ್ಮ ಜೊತೆ ಬರೋಕೆ ಒಬ್ಬಳು ಇದಾಳೆ ಅತ್ತೆ. ನನ್ನ ಜೊತೆ ನಿಲ್ಲೋಕೆ ಯಾರಿದಾರೆ?"

ಊಟದ ಹೊತ್ತಿಗೆ ಡ್ರೈವರ್ ತಟ್ಟೆಯ ಮೇಲೆ ಬಗ್ಗಿ ತಿಂದ. "ರೋಡಲ್ಲಾದ್ರೆ ಹಾರ್ನ್ ಹೊಡೆದು ದಾರಿ ಮಾಡ್ಕೋಬಹುದು," ಎಂದು ಗೊಣಗಿದ. "ಮನೇಲಿ ಹಾರ್ನೂ ಇಲ್ಲ, ಬ್ರೇಕೂ ಇಲ್ಲ." ಯಾರೂ ನಗಲಿಲ್ಲ.

ಕೆಲವು ವಾರ ಕಳೆದವು. ಪುಸ್ತಕ ಅರ್ಧಕ್ಕೂ ಮೇಲೆ ತುಂಬಿತು. ಒಂದು ಭಾನುವಾರ ಮಧ್ಯಾಹ್ನ ನಾಲ್ವರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಗುಬ್ಬಿ ಎಡಗೈಯಲ್ಲಿ ಪುಟ ತಿರುವುತ್ತ, "ಬೀದಿಯದೆಲ್ಲ ಆಯ್ತು ಅಜ್ಜಿ. ಈಗ ನಮ್ಮನೆಯದು ಬರೆಯೋಣ," ಎಂದಳು. "ತಾತಂದು ಬರ್ಕೊಂಡೆ. ಅಪ್ಪಂದು ಖಾಕಿ ಬಟ್ಟೆದು. ನಂದು, ನಾನು ಹುಟ್ಟಿದಾಗಿಂದು. ದೊಡ್ಡತ್ತೆ ಮದುವೆಗೆ ಕೊಟ್ಟಿದ್ದು. ಆಮೇಲೆ ಅಮ್ಮಂದು. ಅಮ್ಮಂದು ಯಾವ ಕೌದಿ?"

ಅಜ್ಜಿ ಅನ್ನದಲ್ಲಿ ಬೆರಳಾಡಿಸಿದಳು. ಡ್ರೈವರ್ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ನೀರಿನ ಲೋಟ ನೋಡಿದ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಈ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ.

"ನಂದು ಅಂಗಡಿ ಕಂಬಳಿ," ಎಂದಳು ಸೊಸೆ. "ಬರ್ಕೋ. ಅಂಗಡಿದು ಅಂತ ಬರ್ಕೋ."

"ಅಮ್ಮ, ನಾನು..."

"ಮಾಲೀಕರ ನಾಯಿಗೂ ಒಂದು ಇದೆ. ಅದೂ ಬರ್ಕೊಂಡಿದೀಯಲ್ಲ. ಈ ಮನೆಗೆ ಬಂದು ಹದಿನೇಳು ವರ್ಷ ಆಯ್ತು. ಇವರು ಸೂಜಿಗೆ ದಾರ ಪೋಣಿಸಿ ಕೊಡು ಅಂದಾಗೆಲ್ಲ ಪೋಣಿಸಿ ಕೊಟ್ಟಿದೀನಿ. ಯಾರ್ಯಾರಿಗೋ ಹೊಲಿಯೋ ಕೌದಿಗೆ!"

"ಹೊಲಿಯೋಣ ಅಂತಾನೇ ಇದ್ದೆ," ಎಂದಳು ಅಜ್ಜಿ, ತಲೆಯೆತ್ತದೆ. "ಆಗಲಿಲ್ಲ."

"ಇನ್ನು ಆಗೋದೂ ಇಲ್ಲ," ಎಂದು ಸೊಸೆ ತಟ್ಟೆ ಎತ್ತಿಕೊಂಡು ಎದ್ದಳು. ಸೂಜಿ ಹಿಡಿಯಲಾರದ ಆ ಕೈಯನ್ನು ನೋಡುತ್ತಲೇ ಆಡಿದ ಮಾತು ಅದು. ಬಾಯಿಂದ ಬಿದ್ದ ಮೇಲೆ ಅವಳಿಗೂ ಚುಚ್ಚಿತು, ಆದರೆ ಹಿಂತಿರುಗಲಿಲ್ಲ.

ಆಮೇಲೆ ಮನೆಯಲ್ಲಿ ಮಾತು ಬತ್ತಿತು. ಸೊಸೆ ಹೊತ್ತುಹೊತ್ತಿಗೆ ಬಡಿಸುವಳು, ಮಾತ್ರೆ ನೀರು ತಂದಿಡುವಳು, ಅತ್ತೆಯ ಕೈಗೆ ಎಣ್ಣೆ ಹಚ್ಚಿ ತಿಕ್ಕುವಳು. ಎಲ್ಲ ಇತ್ತು, ಮಾತೊಂದು ಇರಲಿಲ್ಲ. ಪುಸ್ತಕವೂ ಕಪಾಟಿನ ಮೇಲೆ ಹೋಗಿ ಕೂತಿತು. ಡ್ರೈವರ್ ತನಗೆ ತೋಚಿದಂತೆ ಒಂದು ಉಪಾಯ ಮಾಡಿದ. ದೊಡ್ಡ ಅಂಗಡಿಗೆ ಹೋಗಿ ದಪ್ಪದೊಂದು ರೆಡಿಮೇಡ್ ರಜಾಯಿ ತಂದ. ಪ್ಲಾಸ್ಟಿಕ್ ಚೀಲದಲ್ಲಿ ಗುಲಾಬಿ ಹೂವುಗಳು ಥಳಥಳ ಹೊಳೆಯುತ್ತಿದ್ದವು.

ಸೊಸೆ ಚೀಲ ನೋಡಿದಳು, ಗಂಡನನ್ನು ನೋಡಿದಳು. "ಚೆನ್ನಾಗಿದೆ ರೀ," ಎಂದು ಬಿಚ್ಚದೆ ಮೂಲೆಗಿಟ್ಟಳು.

ಅಜ್ಜಿ ಅದರ ಅಂಚನ್ನು ಚೀಲದ ಹೊರಗಿನಿಂದಲೇ ಒತ್ತಿ ನೋಡಿ, "ಮೆತ್ತಗಿದೆ ಕಣೋ," ಎಂದಳು. "ಆದ್ರೆ ಇದರೊಳಗೆ ಯಾರೂ ಇಲ್ವಲ್ಲ."

ಮಾತು ಮತ್ತೆ ಹುಟ್ಟಿದ್ದು ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಬಳಿ. ಸೊಸೆ ಬಟ್ಟೆ ಹಿಂಡುತ್ತಿದ್ದಳು. ಅಜ್ಜಿ ತಾನೇ ಒಂದು ಮಣೆ ಎಳೆದುಕೊಂಡು ಬಂದು ಎದುರಿಗೆ ಕೂತಳು.

"ನಿನಗೆ ಏನು ಹಾಕಿ ಹೊಲೀಬೇಕಿತ್ತು ಹೇಳು?" ಎಂದಳು, ನಡುವೆ ಇಷ್ಟು ದಿನ ಕಳೆದೇ ಇಲ್ಲವೆಂಬಂತೆ.

ಸೊಸೆ ಇನ್ನೊಂದು ಬಟ್ಟೆ ಎತ್ತಿಕೊಂಡಳು.

"ನೀನು ಈ ಮನೆಗೆ ಬಂದಾಗ ಉಟ್ಟ ಬಟ್ಟೆಲಿ ಬಂದೆ. ಇವನನ್ನ ಮೆಚ್ಚಿ ಮದುವೆಯಾದೆ ಅಂತ ನಿಮ್ಮಪ್ಪ ಒಂದು ಚೀಲ ತಗೊಂಡು ಹೋಗೋಕೂ ಬಿಡಲಿಲ್ಲ. ಮೈಮೇಲಿದ್ದಿದ್ದು ಒಂದೇ ಅಂಗಿ, ಹಳದಿದು. ಅದನ್ನ ಎತ್ತಿಟ್ಟು ನಿನಗೆ ಹೊಲಿಯೋಣ ಅಂತ ಇದ್ದೆ. ಗುಬ್ಬಿ ಹುಟ್ಟಿದಾಗ ಸುದ್ದಿ ಕಳಿಸಿದ್ರೂ ನಿಮ್ಮ ಕಡೆಯಿಂದ ಯಾರೂ ಬರಲಿಲ್ಲ. ಆ ವಾರವೇ ನೀನು ಅದನ್ನ ಹರಿದು ನೆಲ ಒರೆಸೋಕೆ ಹಾಕಿದೆ. ನೆನಪಿದೆಯಾ?"

ಸೊಸೆಯ ಕೈ ನಿಂತಿತು. ನೆನಪಿತ್ತು.

"ಗುಬ್ಬಿ ಕೌದಿಲಿ ನನ್ನ ಲಂಗ ಇದೆ, ನಿನ್ನ ಗಂಡನ ಅಂಗಿ ಇದೆ. ಕ್ಷೌರಿಕನ ಕೌದಿಲಿ ಅವರಮ್ಮನ ಪರದೆ ಇದೆ. ಎಲ್ಲರ ಕೌದಿಲೂ ಅವರವರು ಇದಾರೆ. ನಿನಗೆ ಮಾತ್ರ ನಾನು ಬೀದಿಯವರ ಚಿಂದಿ ಜೋಡಿಸಿ ಕೊಟ್ಟಿದ್ರೆ, ನಿನಗೆ ತವರು ಇಲ್ಲ ಅಂತ ನಾನೇ ಸಾರಿ ಹೇಳಿದ ಹಾಗಾಗ್ತಿತ್ತು. ಇವತ್ತು ಬರ್ತಾರೆ, ನಾಳೆ ಬರ್ತಾರೆ, ಬಂದಾಗ ನಿಮ್ಮಮ್ಮನ ಹತ್ರ ಒಂದು ಬಟ್ಟೆ ಕೇಳಿ ಇಸ್ಕೊಳ್ಳೋಣ ಅಂತ ಕಾದೆ. ಕಾದಿದ್ದೇ ಬಂತು. ಅಷ್ಟರಲ್ಲಿ ಬೆರಳು ಹೋಯ್ತು."

"ಒಂದು ಮಾತು ಹೇಳಬಹುದಿತ್ತಲ್ಲ ಅತ್ತೆ."

"ಹೇಗೆ ಹೇಳೋದು? ಗಾಯದ ಮೇಲೆ ಬೆರಳಿಟ್ಟು ನೋಯುತ್ತಾ ಅಂತ ಕೇಳೋದಾ?"

ಸೊಸೆ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು. ಹನಿ ನೀರೂ ಬರಲಿಲ್ಲ. "ನಾನೇ ಹೋಗಿ ಕೇಳಲಾ?" ಎಂದಳು.

"ನಿನ್ನಿಷ್ಟ. ಕೊಡದೆ ಇದ್ರೆ?"

"ಕೊಡದೆ ಇದ್ರೆ ಬರ್ತೀನಿ. ಈಗೇನು ಇದೆ, ಕಳ್ಕೊಳ್ಳೋಕೆ?"

ತವರುಮನೆ ಬೇರೆ ದೇಶದಲ್ಲೇನೂ ಇರಲಿಲ್ಲ. ಅದೇ ಊರಿನ ಇನ್ನೊಂದು ತುದಿ, ಎರಡು ಬಸ್ಸು ಬದಲಿಸಿದರೆ ಸಾಕು. ಗಂಡ ಜೊತೆಗೆ ಬರುತ್ತೇನೆ ಎಂದ. ಅವಳು ಬೇಡ ಎಂದಳು. ಅಂಥ ದೊಡ್ಡ ದಾರಿಯೇನಲ್ಲದಿದ್ದರೂ ಕೊನೆಯ ಬೀದಿಯಲ್ಲಿ ಅವಳ ಕಾಲು ಎರಡು ಸಲ ತಡೆಯಿತು. ಮೂಲೆಯ ಚಪ್ಪಲಿ ರಿಪೇರಿಯ ಗೂಡಂಗಡಿ ಹಾಗೇ ಇತ್ತು, ಒಳಗೆ ಕೂತವನು ಬೇರೆ. ಮನೆಯ ಗೇಟಿಗೆ ಹೊಸ ಬಣ್ಣ ಬಂದಿತ್ತು.

ಬಾಗಿಲು ತೆರೆದವಳು ತಮ್ಮನ ಹೆಂಡತಿ, ಇವಳು ಒಮ್ಮೆಯೂ ಕಂಡಿರದವಳು. ಒಂದು ಗಳಿಗೆ ಮುಖ ನೋಡಿ, "ಅತ್ತಿಗೆ ಅಲ್ವಾ?" ಎಂದಳು ಮೆಲ್ಲಗೆ. "ನಮ್ಮತ್ತೆ ಥರಾನೇ ಇದೀರ. ಬನ್ನಿ."

ನಡುಮನೆಯಲ್ಲಿ ಅಪ್ಪ ಅದೇ ಕುರ್ಚಿಯಲ್ಲಿ ಕೂತು ಪೇಪರಿನ ಪದಬಂಧ ತುಂಬುತ್ತಿದ್ದ. ಹೆಡ್‌ಮಾಸ್ಟರಾಗಿ ನಿವೃತ್ತನಾದವನು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳು ಹೊಸ್ತಿಲ ಒಳಗೆ ನಿಂತಳು.

"ನಾನು ಅಪ್ಪ."

ಅವನ ಪೆನ್ಸಿಲ್ ನಿಂತಿತು. ತಲೆ ಏಳಲಿಲ್ಲ. "ಏನು ಬೇಕಂತೆ ಕೇಳು," ಎಂದ, ತನ್ನ ಸೊಸೆಗೆ.

"ಅಮ್ಮಂದು ಒಂದು ಹಳೇ ಬಟ್ಟೆ. ಬೇರೇನೂ ಬೇಡ."

"ಹಳೇದೆಲ್ಲ ಈ ಮನೆಯಿಂದ ಯಾವಾಗಲೋ ಆಚೆ ಹೋಯ್ತು ಅಂತ ಹೇಳು," ಎಂದು ಪೆನ್ಸಿಲ್ ಮತ್ತೆ ಚೌಕಕ್ಕೆ ಇಳಿಸಿದ. ಅಕ್ಷರ ಮಾತ್ರ ಬರೆಯಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ಮಗಳನ್ನು ನೋಡಿದಳು, ಗಂಡನ ಬೆನ್ನು ನೋಡಿದಳು, ಹಿತ್ತಲ ಕಡೆ ನಡೆದಳು. ಅವಳು ಹೋದ ರೀತಿ ಮಗಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅಪ್ಪನಿಗೆ ತಿಳಿಯದಂತೆ ಏನಾದರೂ ಕೊಡುವುದಿದ್ದರೆ ಅಮ್ಮ ಹಾಗೆಯೇ ಹೋಗುತ್ತಿದ್ದಳು. ಮಗಳೂ ಗೇಟಿನಿಂದ ಹೊರಬಂದು, ಗೋಡೆಯ ಬದಿಯ ಸಂದಿಯಲ್ಲಿ ಸುತ್ತಿ ಹಿತ್ತಲಿಗೆ ಹೋದಳು.

ಬಟ್ಟೆ ಒಣಹಾಕುವ ತಂತಿಯ ಕೆಳಗೆ ಅಮ್ಮ ನಿಂತಿದ್ದಳು.

"ಬೀರುವಿಗೆ ಹೋಗಬೇಕಂದ್ರೆ ಅವರ ಮುಂದೇನೇ ಹಾದು ಹೋಗಬೇಕು," ಎಂದಳು ಪಿಸುದನಿಯಲ್ಲಿ. ತಂತಿಯಿಂದ ತನ್ನ ನೀಲಿ ನಿಲುವಂಗಿ ಎಳೆದುಕೊಂಡು, ಇನ್ನೊಮ್ಮೆ ಹಿಂಡಿ, ಮಡಿಸಿದಳು. "ಬೆಳಿಗ್ಗೆ ಒಗೆದಿದ್ದು. ಇನ್ನೂ ಒದ್ದೆ ಇದೆ."

"ಇರಲಿ."

"ಯಾಕೆ ಇದು?"

"ನಮ್ಮತ್ತೆ ಕೌದಿ ಹೊಲೀತಾರೆ. ನಂದು ಬಾಕಿ ಇದೆ."

ಅಮ್ಮ ತಲೆಯಾಡಿಸಿದಳು. ನಿಲುವಂಗಿಯನ್ನು ಮಗಳ ಚೀಲಕ್ಕೆ ತುರುಕಿ, ಕೈ ಮಾತ್ರ ಚೀಲದೊಳಗೇ ಉಳಿಸಿಕೊಂಡಳು. "ಮಗು ಯಾರ ಥರ ಇದೆ?"

"ಮಗು ಎಲ್ಲಿದೆ ಅಮ್ಮ, ನನ್ನೆತ್ತರ ಆಗಿದಾಳೆ. ನಕ್ಕರೆ ನಿನ್ನ ಥರ."

"ನಾನು ನಕ್ಕಿದ್ದು ನೀನು ಯಾವಾಗ ನೋಡಿದೆಯೇ!" ಎಂದು ಅಮ್ಮ ನಿಜವಾಗಿಯೂ ನಕ್ಕಳು. ಮರುಕ್ಷಣವೇ ಬಾಯಿಗೆ ಕೈ ಅಡ್ಡ ಹಿಡಿದಳು. ಗಲ್ಲಕ್ಕೆಲ್ಲ ಹಿಟ್ಟಾಯಿತು. ಮಗಳು ತನ್ನ ಅಂಗಿಯ ತೋಳಿನಿಂದ ಅದನ್ನು ಒರೆಸಿದಳು. ಒಳಗಿನಿಂದ ಕುರ್ಚಿ ಸರಿದ ಸದ್ದಾಯಿತು. "ಹೋಗು, ಹೋಗು," ಎಂದಳು ಅಮ್ಮ.

ಬೀದಿಯ ತಿರುವಿನಲ್ಲಿ ತಮ್ಮನ ಹೆಂಡತಿ ಓಡಿಬಂದು ಹಿಡಿದಳು. "ಅತ್ತಿಗೆ, ನನ್ನ ನಂಬರ್ ಬರ್ಕೊಳ್ಳಿ. ಸಂಜೆ ಮಾವ ವಾಕಿಂಗ್ ಹೋಗ್ತಾರೆ. ಆಗ ಮಾಡಿದ್ರೆ ಅತ್ತೆ ಕೈಗೆ ಕೊಡ್ತೀನಿ."

ಬಸ್ಸಿನಲ್ಲಿ ಚೀಲ ತೊಡೆಯ ಮೇಲಿತ್ತು. ಒದ್ದೆ ಮೆಲ್ಲಗೆ ಇಳಿದು ಅವಳ ಬಟ್ಟೆಯನ್ನೂ ತೋಯಿಸಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ನೀರಿನ ಬಾಟ್ಲಿ ಸೋರ್ತಿದೆ ನೋಡಿ," ಎಂದಳು. "ಹೌದು," ಎಂದಳು ಇವಳು, ಚೀಲ ಸರಿಸಲಿಲ್ಲ.

ಮನೆಯಲ್ಲಿ ನಿಲುವಂಗಿ ಒಂದು ದಿನ ಒಣಗಿತು. ಅಜ್ಜಿ ಕತ್ತರಿ ತರಿಸಿದಳು. ಗುಬ್ಬಿ ಬಟ್ಟೆಯನ್ನು ಚಾಪೆಯ ಮೇಲೆ ಹರಡಿದ ಕೂಡಲೇ ಸೊಸೆ ಅದರ ಮೇಲೆ ಕೈಯಿಟ್ಟಳು.

"ಕತ್ತರಿಸಬೇಡಿ ಅತ್ತೆ."

"ಕತ್ತರಿಸದೆ ಕೌದಿ ಹೇಗಾಗುತ್ತೆ?"

"ಗೊತ್ತಿಲ್ಲ. ಆದ್ರೆ ಕತ್ತರಿಸಬೇಡಿ."

ಅಜ್ಜಿ ಬಹಳ ಹೊತ್ತು ಬಟ್ಟೆಯ ಮೇಲೆ ಕೈಯಾಡಿಸಿದಳು. ಕಂಕುಳಲ್ಲಿ ಹರಿದ ಕಡೆ ಸೊಸೆಯ ತಾಯಿ ಹಾಕಿದ್ದ ಒಂದು ತೇಪೆಯಿತ್ತು, ಹೊಲಿಗೆ ಒಂದಿಷ್ಟು ಓರೆ.

"ಹೊಲಿಗೆ ಬಿಚ್ಚಿದ್ರೆ ಸಾಕು," ಎಂದಳು ಕೊನೆಗೆ. "ಕತ್ತರಿ ಮುಟ್ಟಿಸೋದು ಬೇಡ. ಬಿಚ್ಚಿ ಅಗಲ ಮಾಡಿ ಒಳಪದರಕ್ಕೆ ಇಡಿಯಾಗಿ ಇಡೋಣ. ಮೇಲೆ ನಮ್ಮನೆ ಬಟ್ಟೆ, ಕೆಳಗೆ ನಮ್ಮನೆ ಬಟ್ಟೆ. ಮಧ್ಯೆ ಅವರು ಇರಲಿ."

"ಯಾರಿಗೂ ಕಾಣಿಸಲ್ವಲ್ಲ ಅಜ್ಜಿ?" ಎಂದಳು ಗುಬ್ಬಿ.

"ಹೊದ್ದವರಿಗೆ ಗೊತ್ತಿದ್ರಾಯ್ತು."

ಹೊಲಿಯುವವರು ಯಾರು? ಅಜ್ಜಿ ಕುರ್ಚಿಯಲ್ಲಿ ಕೂತು ಹೇಳಿದಳು, ಸೊಸೆ ಹೊಲಿದಳು. ಲಾಂಡ್ರಿಯಿಂದ ಬಂದು, ಅಡುಗೆ ಮುಗಿಸಿ, ದೀಪದ ಕೆಳಗೆ ಕೂರುವಳು. ಈಗ ಆಲೂಗಡ್ಡೆ ಬೇಯಿಸುವುದು ಡ್ರೈವರನ ಪಾಲಿಗೆ ಬಿತ್ತು. ಒಮ್ಮೆ ಕರಗಿಸಿದ, ಒಮ್ಮೆ ಕಲ್ಲಾಗಿಯೇ ಉಳಿಸಿದ. ಎಲ್ಲರೂ ತಿಂದರು.

"ಇದೇನಿದು, ಕೋಳಿ ಕೆದರಿದ ಹಾಗೆ?" ಎನ್ನುವಳು ಅಜ್ಜಿ. "ಸಣ್ಣ ಹಾಕು, ಸಣ್ಣ."

"ನೀವು ಹದಿನೇಳು ವರ್ಷ ದಾರ ಮಾತ್ರ ಪೋಣಿಸೋಕೆ ಕಲಿಸಿದ್ರಿ. ಅದಕ್ಕೇ ಹೀಗೆ."

"ಬಾಯಿಗೆ ಮಾತ್ರ ಏನೂ ಕಮ್ಮಿ ಇಲ್ಲ."

"ಅದನ್ನ ನಿಮ್ಮಿಂದಲೇ ಕಲಿತೆ."

ಗುಬ್ಬಿ ಕಪಾಟಿನಿಂದ ಪುಸ್ತಕ ಇಳಿಸಿ ಹೊಸ ಪುಟದಲ್ಲಿ ಎಲ್ಲ ಬರೆದುಕೊಂಡಳು. ಮೇಲಿನ ಪದರಕ್ಕೆ ಅಪ್ಪನ ಖಾಕಿ, ತನ್ನ ಶಾಲೆಯ ಸಮವಸ್ತ್ರ, ಅಜ್ಜಿಯ ಹೂವಿನ ಲಂಗ. ಒಳಗೆ ನೀಲಿ ನಿಲುವಂಗಿ, ಕತ್ತರಿಸಿಲ್ಲ, ತೇಪೆ ಸಹಿತ. ಕೊನೆಯ ಅಂಚಿನ ದಿನ ಅಜ್ಜಿ ಡಾಕ್ಟರ ಮಾತು ಮೀರಿ ಸೂಜಿ ಇಸಿದುಕೊಂಡಳು. ಹಲ್ಲು ಕಚ್ಚಿಕೊಂಡು ನಾಲ್ಕಾರು ಹೊಲಿಗೆ ಹಾಕಿದಳು. ಸೊಸೆಯ ಹೊಲಿಗೆಗಿಂತ ಅವೇ ಸೊಟ್ಟಗಿದ್ದವು. ಸೊಸೆ ನೋಡಿದಳು, ಅವತ್ತು ಮಾತ್ರ ತಮಾಷೆ ಮಾಡಲಿಲ್ಲ. ಸೂಜಿ ಇಸಿದುಕೊಂಡು ಉಳಿದ ಅಂಚು ಮುಗಿಸಿದಳು.

ಮಾರನೆಯ ಸಂಜೆ ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತು ತಮ್ಮನ ಹೆಂಡತಿಯ ನಂಬರಿಗೆ ಫೋನು ಮಾಡಿದಳು. ಅಜ್ಜಿ ಬಾಗಿಲ ಬಳಿ ಮಣೆಯ ಮೇಲೆ ಕೂತು ಬೇಳೆ ಆರಿಸುವ ನೆಪದಲ್ಲಿ ಕಿವಿ ಇತ್ತ ಇಟ್ಟಿದ್ದಳು.

"ಇರಿ ಅತ್ತಿಗೆ, ಕೊಡ್ತೀನಿ," ಎಂದಳು ಅವಳು. ಆಮೇಲೆ ಅಮ್ಮನ ಉಸಿರು.

"ಅಮ್ಮ, ಕೌದಿ ಆಯ್ತು."

"ಆಯ್ತಾ? ಬೆಚ್ಚಗಿದೆಯಾ?"

"ಇನ್ನೂ ಹೊದ್ದಿಲ್ಲ. ನಿನಗೆ ಹೇಳಿ ಆಮೇಲೆ ಅಂತ."

"ಹುಚ್ಚಿ. ಊಟ ಆಯ್ತಾ?"

"ಇನ್ನೂ ಸಂಜೆ ಅಮ್ಮ."

"ಹೌದಲ್ಲ." ಕೇಳಲು ಹದಿನೇಳು ವರ್ಷದಷ್ಟಿತ್ತು, ಎಲ್ಲಿಂದ ಶುರುಮಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ. "ಬೆನ್ನುನೋವು ಇದೆಯೇನೇ? ನಿಂತೇ ಕೆಲಸ ಮಾಡ್ತೀಯಂತೆ, ಯಾರೋ ಅಂದ್ರು..."

ಆಚೆ ಗೇಟು ಕಿರ್ರೆಂದಿತು. ಅಪ್ಪ ಅವತ್ತು ವಾಕಿಂಗಿನಿಂದ ಬೇಗ ಹಿಂತಿರುಗಿದ್ದ. "ಯಾರದು ಫೋನಲ್ಲಿ?" ಎಂಬ ದನಿ ದೂರದಿಂದ ಕೇಳಿತು.

"ಹಾಲಿನವರು," ಎಂದಳು ಅಮ್ಮ. ಮರುಕ್ಷಣ ಅವಳ ದನಿ ಗಟ್ಟಿಯಾಯಿತು, ಕರಾರುವಾಕ್ಕಾಯಿತು. "ಹಾಂ, ನೋಡಿ ಹಾಲಿನವರೇ, ನಾಳೆಯಿಂದ ನಮಗೆ ಹಾಲು ಜಾಸ್ತಿ ಬೇಕು."

ಮೆಟ್ಟಿಲ ಮೇಲೆ ಕೂತವಳಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಆಯ್ತಮ್ಮ," ಎಂದಳು.

"ದಿನಾ ಹಾಕ್ತೀರಲ್ಲ? ಮಧ್ಯೆ ನಿಲ್ಲಿಸಿಬಿಟ್ರೆ ನನಗೆ ಆಗಲ್ಲ."

"ನಿಲ್ಲಿಸಲ್ಲಮ್ಮ."

"ಹೊತ್ತಿಗೆ ಸರಿಯಾಗಿ ಬನ್ನಿ. ನಾನು ಪಾತ್ರೆ ಹಿಡ್ಕೊಂಡು ಕಾಯ್ತಾ ಇರ್ತೀನಿ."

ಫೋನು ಕಟ್ಟಾಯಿತು. ಮೊಬೈಲನ್ನು ಕಿವಿಯಿಂದ ತೆಗೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬೇಳೆಯ ಮೊರ ಪಕ್ಕಕ್ಕಿಟ್ಟು ಅಜ್ಜಿ ಕೇಳಿದಳು, "ಏನಂತೆ?"

"ದಿನಾ ಹಾಲು ಬೇಕಂತೆ ಅತ್ತೆ," ಎಂದಳು ಸೊಸೆ.